ಮನೆಯ ಡಿವಿಡಿಯೂ ಮೊಂಡು ಹಿಡಿದ ಚಿತ್ರವೂ

ಬಳ್ಳಾರಿ ಜಿಲ್ಲೆಯ ಸಿರಿಗೇರಿ, ಸಿರುಗುಪ್ಪ, ಕುರುಗೋಡುಗಳ ಸೀಮೆಯಲ್ಲಿ ಇರುಳಿಡೀ ನಡೆಯುವ ಬಯಲಾಟವನ್ನಾಗಲಿ, ಮನೆಯ ಮದುವೆಯನ್ನಾಗಲಿ ಮೊಬೈಲಿನಲ್ಲಿ ಸೆರೆಹಿಡಿದು, ಹಿರಿಯರು ಟಿವಿಯಲ್ಲಿ ನೋಡಲೆಂದು ಡಿವಿಡಿಗೆ ಇಳಿಸಹೊರಟವರು, ಕಂಪ್ಯೂಟರಿನಲ್ಲಿ ನಿರ್ವಿಘ್ನವಾಗಿ ಓಡಿದ ಚಿತ್ರವು ಪ್ಲೇಯರಿನಲ್ಲಿ ಮೊಂಡು ಹಿಡಿಯುವುದನ್ನು ಕಂಡು ವಿಸ್ಮಯಪಡುವುದುಂಟು. ಕಾರಣವು ಸರಳವಾದುದು: 1990ರ ದಶಕದಲ್ಲಿ ರೂಪುಗೊಂಡ ಡಿವಿಡಿ ಪದ್ಧತಿಯು ಮುಖ್ಯವಾಗಿ ಎಂಪೆಗ್-2 ರೂಪವನ್ನೇ ಬಯಸುವುದರಿಂದ, ಮೊಬೈಲಿನ ಎಂಪಿ4 ಫೈಲು ಹಳೆಯ ಪ್ಲೇಯರುಗಳಿಗೆ ಬಹುಮಟ್ಟಿಗೆ ಅಗ್ರಾಹ್ಯವಾಗುತ್ತದೆ.

ಆದುದರಿಂದ ಪರಿವರ್ತಿಸುವಾಗ ನಮ್ಮ ದೇಶದ ಪಾಲ್ ಎಂಬ ಟಿವಿ ಕ್ರಮದಂತೆ 720×576 ಅಳತೆಯನ್ನೂ ಸೆಕೆಂಡಿಗೆ 25 ಫ್ರೇಮುಗಳನ್ನೂ ಆರಿಸತಕ್ಕದ್ದು. ವೇಷಧಾರಿಯ ಮಾತು ಮುಂದೆ ಹೋಗಿ ಅವನ ತುಟಿಗಳು ಹಿಂದುಳಿದರೆ, ಮೊಬೈಲಿನ ಅಸ್ಥಿರ ಫ್ರೇಮುಗತಿಯೇ ದೋಷಕ್ಕೆ ಮೂಲವೆಂದು ಶಂಕಿಸಿ, ಅದನ್ನು ಮೊದಲು ಸ್ಥಿರಗೊಳಿಸಬೇಕು. ಧ್ವನಿಯು 48 ಕಿಲೋಹರ್ಟ್ಸ್‌ನಲ್ಲಿರಬೇಕು. ಮುಖಗಳು ಹಿಗ್ಗಿ ಅಥವಾ ಕುಗ್ಗಿ ಕಂಡರೆ 16:9, 4:3 ಪ್ರಮಾಣಗಳ ಆಯ್ಕೆ ತಪ್ಪಿದೆಯೆಂದೇ ತಿಳಿಯಬಹುದು. 4.7 ಜಿಬಿ ಡಿಸ್ಕಿನಲ್ಲಿ ಎರಡು ತಾಸಿನ ಚಿತ್ರ ಹಿಡಿಯಬೇಕಾದರೆ ಚಿತ್ರ, ಧ್ವನಿಗಳೆರಡೂ ಕೂಡಿ ಸೆಕೆಂಡಿಗೆ ಸುಮಾರು 5 ಮೆಗಾಬಿಟ್ ಮೀರಬಾರದು. ಆದಕಾರಣ ಇಡೀ ಬಯಲಾಟವನ್ನು ಹಲವು ಡಿಸ್ಕುಗಳಿಗೆ ಹಂಚುವುದೇ ಲೇಸು.

ಡಿಸ್ಕಿಗೆ ಬರೆಯುವಾಗ ವೇಗವನ್ನು ತಗ್ಗಿಸಿ, ಕೊನೆಯಲ್ಲಿ ಡಿಸ್ಕನ್ನು ಫೈನಲೈಸ್ ಮಾಡಿ, ಪ್ಲೇಯರಿನಲ್ಲಿ ಆದ್ಯಂತ ನೋಡುವವರೆಗೂ ಮೂಲ ಫೈಲನ್ನು ಅಳಿಸದಿರಿ.