ಕೋಡಿಂಗ್ ಬಂದ್ರೆ ಸಾಕಾ?

‘ಕೋಡಿಂಗ್ ಚೆನ್ನಾಗಿ ಬಂದ್ರೆ ಕೆಲಸ ಹೋಗಲ್ಲ.’ ಎಂಜಿನಿಯರಿಂಗ್ ಓದುವಾಗ ನಾನೂ ಇದನ್ನೇ ನಂಬಿದ್ದೆ. ಬೆಂಗಳೂರಿನ ಐಟಿ ಕಂಪನಿಯೊಂದರಲ್ಲಿ ಎರಡು ವರ್ಷ ಜಾವಾ ಬರೆದ ಮೇಲೆ ಆ ನಂಬಿಕೆ ಉಳಿಯಲಿಲ್ಲ.

ಯಾಕಂದ್ರೆ ಐಟಿ ಸೇವಾ ಕಂಪನಿಗಳು ಬಹುಪಾಲು ಮಾರೋದು ನಮ್ಮ ಗಂಟೆಗಳನ್ನು. ಇಷ್ಟು ಜನ, ಇಷ್ಟು ಗಂಟೆ ಅಂತ ಗ್ರಾಹಕರಿಗೆ ಬಿಲ್ ಹೋಗುತ್ತೆ. ಪ್ರಾಜೆಕ್ಟ್ ಮುಗಿದ್ರೆ ನೀವು ‘ಬೆಂಚ್’ ಮೇಲೆ, ಅಂದರೆ ಬಿಲ್ ಆಗದ ಖರ್ಚು.

ಒಮ್ಮೆ ಯಾರೋ ಬರೆದಿಟ್ಟ ಹಳೇ ಕೋಡಿನಲ್ಲಿ ಒಂದು ಬಗ್ ಹುಡುಕೋಕೆ ಮೂರು ದಿನ ಹಿಡಿಯಿತು. ತಿದ್ದಿದ್ದು ಒಂದೇ ಸಾಲು. ಅಸಲಿ ಕೌಶಲ ಇರೋದೇ ಅಲ್ಲಿ, ಬೇರೆಯವರ ಕೋಡ್ ಓದಿ ಅರ್ಥ ಮಾಡಿಕೊಳ್ಳೋದರಲ್ಲಿ. ಟೈಮ್‌ಶೀಟ್‌ನಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಕೆಲವೇ ತಿಂಗಳಲ್ಲಿ ಪ್ರಾಜೆಕ್ಟ್ ನಿಂತಿತು. ಎಚ್‌ಆರ್ ‘ರಾಜೀನಾಮೆ ಬರೆದುಕೊಡಿ’ ಅಂದರು. ಬರೆದುಕೊಟ್ಟೆ.

ಕೆಲಸದ ಷರತ್ತು, ವಜಾ, ದೂರು ಕೊಡುವ ದಾರಿ ಎಲ್ಲವೂ ಲಿಖಿತವಾಗಿರಬೇಕು ಅಂತ 1946ರ ಸ್ಥಾಯಿ ಆದೇಶಗಳ ಕಾಯ್ದೆ ಹೇಳಿತ್ತು. ಕರ್ನಾಟಕ ಸರ್ಕಾರ ಐಟಿ ವಲಯಕ್ಕೆ ಅದರಿಂದ ವಿನಾಯಿತಿ ಕೊಡುತ್ತಲೇ ಬಂತು. 2024ರಲ್ಲಿ ಮತ್ತೆ 5 ವರ್ಷ ವಿಸ್ತರಿಸಿತು. ಅದೇ ಜುಲೈನಲ್ಲಿ ದಿನಕ್ಕೆ 14 ಗಂಟೆ ದುಡಿಸುವ ಪ್ರಸ್ತಾವ ಬಂದಾಗ ಅದರ ವಿರುದ್ಧ ಬೀದಿಗಿಳಿದಿದ್ದು ಐಟಿ ನೌಕರರ ಸಂಘ ಕೆಐಟಿಯು. ನನ್ನಂಥವರು ಕೋಡಿಂಗ್ ನಂಬಿಕೊಂಡು ಅಂಥ ಸಂಘದ ಹತ್ತಿರಕ್ಕೂ ಹೋಗಿರಲಿಲ್ಲ.

ಕೋಡಿಂಗ್ ಖಂಡಿತ ಕಲೀರಿ. ಆದರೆ ಆಫರ್ ಲೆಟರನ್ನೂ ಕೋಡಿನಷ್ಟೇ ಗಮನ ಕೊಟ್ಟು ಓದಿ. ಅದರಲ್ಲಿರೋ ಬಗ್‌ಗಳನ್ನು ಒಬ್ಬರೇ ಕೂತು ಸರಿ ಮಾಡೋಕಾಗಲ್ಲ.