ಕೆಸರಿನಲ್ಲಿ ಮಲಗಿದ್ದ ಸಾಕ್ಷಿಗಳು

ಮಸೂರದಡಿ ಇಟ್ಟ ಕಪ್ಪು ಚುಕ್ಕೆ ಎಳ್ಳುಕಾಳಿನ ಅರ್ಧದಷ್ಟೂ ಇರಲಿಲ್ಲ. ಅದರೊಳಗೆ ಎರಡು ಮೊಟ್ಟೆ. ಇಟ್ಟದ್ದು ನೀರುಚಿಗಟ, ಅಂದರೆ ಡ್ಯಾಫ್ನಿಯಾ. ಸಿಕ್ಕಿದ್ದು ಜರ್ಮನಿ, ಸ್ವಿಟ್ಜರ್‌ಲೆಂಡ್, ಆಸ್ಟ್ರಿಯಾಗಳ ನಡುವಿನ ಕಾನ್‌ಸ್ಟಾನ್ಸ್ ಸರೋವರದ ತಳದ ಕೆಸರಿನಲ್ಲಿ. ಸತ್ತಿಲ್ಲ, ಮಲಗಿದೆ ಅಷ್ಟೆ ಎಂದರು ತೋರಿಸಿದವರು. ಬೆಳಕು, ಬಿಸಿ ಹದವಾಗಿ ಸಿಕ್ಕರೆ ದಶಕಗಳ ನಂತರವೂ ಮರಿಯಾದೀತಂತೆ.

ಈ ಸರೋವರದಲ್ಲಿ ವಸಂತಕ್ಕೆ ಪಾಚಿ ಹುಲುಸಾಗಿ ಬೆಳೆಯುತ್ತದೆ. ಮೇ, ಜೂನ್ ಹೊತ್ತಿಗೆ ನೀರುಚಿಗಟಗಳು ಅದನ್ನು ಸೋಸಿ ತಿಂದು ನೀರನ್ನು ತಿಳಿಯಾಗಿಸುತ್ತವೆ. 1950ರ ಆಸುಪಾಸು ಇಲ್ಲಿ ಲೀಟರಿಗೆ 10 ಮೈಕ್ರೊಗ್ರಾಂ ಕೂಡ ಇರದಿದ್ದ ರಂಜಕ, ಚರಂಡಿ ನೀರು ಮತ್ತು ಸಾಬೂನುಪುಡಿಗಳ ಕೃಪೆಯಿಂದ 1980ರ ಸುಮಾರಿಗೆ 80 ದಾಟಿತು. ಜೊತೆಗೆ ವಿಷದ ನೀಲಿ-ಹಸಿರು ಪಾಚಿಯೂ ಹೆಚ್ಚಿತು. ಮೇಯುವವರ ಗತಿಯೇನಾಯಿತು?

ಉತ್ತರ ಕೆಸರಿನಲ್ಲಿತ್ತು. ನೆಲ್ಸನ್ ಹೇರ್‌ಸ್ಟನ್ ಮತ್ತು ಸಂಗಡಿಗರು ಬೇರೆ ಬೇರೆ ಕಾಲದ ಪದರಗಳಿಂದ ಮೊಟ್ಟೆ ಹೆಕ್ಕಿ ಮರಿಮಾಡಿಸಿ, ಮೈಕ್ರೊಸಿಸ್ಟಿಸ್ ಎಂಬ ನೀಲಿ-ಹಸಿರು ಪಾಚಿ ಬೆರೆಸಿದ ಮೇವು ಹಾಕಿದರು. ಸರೋವರ ಕೆಡುವ ಮೊದಲಿನ ಮೊಟ್ಟೆಗಳ ಸಂತತಿಯ ಬೆಳವಣಿಗೆ ಕುಗ್ಗಿತು. ಕೆಟ್ಟ ಮೇಲಿನವು ಅಷ್ಟು ಕುಗ್ಗಲಿಲ್ಲ. ಕೆಲವೇ ದಶಕಗಳಲ್ಲಿ ವಿಕಾಸ! 1999ರಲ್ಲಿ ‘ನೇಚರ್’ನಲ್ಲಿ ಬಂದ ಈ ಸುದ್ದಿ ನನಗಿನ್ನೂ ಹಳತಾಗಿಲ್ಲ.

ಆದರೆ ನನ್ನ ಮಮತೆ ಪಾಚಿಯ ಮೇಲೂ ಇದೆ. ಅದೇನು ಸುಮ್ಮನೆ ತಿನ್ನಿಸಿಕೊಳ್ಳುವ ಪೈಕಿಯೇ? ಡ್ಯಾಫ್ನಿಯಾ ವಾಸವಿದ್ದ ನೀರನ್ನು, ಪ್ರಾಣಿಯನ್ನಲ್ಲ, ಬರೀ ಸೋಸಿದ ನೀರನ್ನು ಸೆನೆಡೆಸ್ಮಸ್ ಎಂಬ ಹಸಿರು ಪಾಚಿಗೆ ಬೆರೆಸಿದರೂ ಸಾಕು, ಒಂಟಿ ಕೋಶಗಳು ನಾಲ್ಕೋ ಎಂಟೋ ಕೂಡಿಕೊಂಡು ನುಂಗಲು ದೊಡ್ಡದಾಗಿಬಿಡುತ್ತವೆ. 1993ರಲ್ಲಿ ಹೆಸ್ಸೆನ್ ಮತ್ತು ವಾನ್ ಡಾಂಕ್ ಇದನ್ನು ತೋರಿಸಿದರು. ಸ್ಫೀರೊಸಿಸ್ಟಿಸ್ ಎಂಬ ಪಾಚಿ ಇನ್ನೂ ಕಿಲಾಡಿ: ಲೋಳೆ ಹೊದ್ದು ಡ್ಯಾಫ್ನಿಯಾದ ಕರುಳನ್ನೇ ಹಾದು ಬಹುಪಾಲು ಜೀವಂತವಾಗಿ ಹೊರಬೀಳುತ್ತದೆ. ಹೋಗುವ ದಾರಿಯಲ್ಲಿ ಅಲ್ಲಿನ ರಂಜಕವನ್ನೂ ಹೀರಿಕೊಳ್ಳುತ್ತದೆ. ತಿಂದವನ ಹೊಟ್ಟೆಯಲ್ಲೇ ಊಟ ಮಾಡಿ ಬರುವ ಈ ಧೈರ್ಯವನ್ನು ಕರೆನ್ ಪೋರ್ಟರ್ 1976ರಲ್ಲಿ ವರದಿ ಮಾಡಿದ್ದರು.

ನೀರುಚಿಗಟ ನೀರನ್ನು ತಿಳಿಯಾಗಿಸುವುದಾದರೆ ನಮ್ಮ ಬೆಂಗಳೂರಿನ ಕೆರೆಗಳಿಗೂ ನಾಲ್ಕು ಬಕೆಟ್ ನೀರುಚಿಗಟ ಸುರಿಯಬಾರದೇ ಎಂದು ಕೇಳುವವರಿದ್ದಾರೆ. ನನಗೆ ನಂಬಿಕೆಯಿಲ್ಲ. ಬಿಸಿನಾಡಿನ ಕೆರೆಗಳಲ್ಲಿ ಮೀನುಮರಿ ವರ್ಷವಿಡೀ ಇರುತ್ತದೆ, ದಪ್ಪ ಚಿಗಟ ಅವಕ್ಕೆ ಮೊದಲ ತುತ್ತು. ಮೀನನ್ನು ಕಡಿಮೆ ಮಾಡಿ ಚಿಗಟ ಬೆಳೆಸುವ ಪ್ರಯೋಗ ತಂಪುನಾಡಿನಲ್ಲೇ ಎಲ್ಲ ಕಡೆ ಫಲಿಸಿಲ್ಲ. ಒಳಹರಿವ ಚರಂಡಿ ನಿಲ್ಲದೆ ಚಿಗಟ ಏನು ಮಾಡೀತು?

ಕಾನ್‌ಸ್ಟಾನ್ಸ್‌ನಲ್ಲಿ ಕೊಳಚೆ ಶುದ್ಧೀಕರಣದಿಂದ ರಂಜಕ ಮತ್ತೆ 10ಕ್ಕಿಂತ ಕೆಳಗಿಳಿದಿದೆ. ಈಗ ಅಲ್ಲಿನ ಮೀನುಗಾರರ ದೂರೇ ಬೇರೆ: ನೀರು ಅತಿ ಶುದ್ಧವಾಗಿ ಮೀನಿಗೆ ಮೇವಿಲ್ಲ! 2016ರಲ್ಲಿ ಕಾಣಿಸಿಕೊಂಡ ಕ್ವಾಗಾ ಎಂಬ ಹೊರಗಿನ ಚಿಪ್ಪುಜೀವಿಯೂ ಪಾಚಿಯನ್ನು ಸೋಸಿ ತಿನ್ನುತ್ತಿದೆ. ಫೆಲ್ಶೆನ್ ಮೀನು ಹಿಡಿಯುವುದಕ್ಕೆ 2024ರಿಂದ ಮೂರು ವರ್ಷ ನಿಷೇಧ.