ಕರೆಂಟು ಕೊಟ್ಟರೆ ಮೂತ್ರ ಹಿಡಿತಕ್ಕೆ ಬರುತ್ತದೆಯೆ?

ಹುಣಸೆ ಉದುರಿಸುವ ಕಾಲದಲ್ಲಿ ಹನೂರು ಕಡೆ ಮರ ಹತ್ತುವವರಿಗೆ ಬಿಡುವಿಲ್ಲ. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಜೇನಿಗಾಗಿ ಹೆಮ್ಮರ ಏರುತ್ತಾರೆ. ಕೊಳ್ಳೇಗಾಲದ ರಸ್ತೆಯಲ್ಲಿ ಬೈಕು ಉರುಳುತ್ತದೆ. ಹೀಗೆ ಬಿದ್ದು ಬೆನ್ನುಹುರಿಗೆ ಪೆಟ್ಟಾದವರ ಬಗ್ಗೆ ಊರು ಕೇಳುವುದು 'ನಡೀತಾರಾ?' ಎಂದು. ಮನೆಯವರನ್ನು ಹಗಲಿರುಳು ಕಾಡುವುದು ಮೂತ್ರ.

ನಂಬಿಕೆ: 'ನರ ಸತ್ತೋಗದ, ಇನ್ನೇನೂ ಮಾಡಕ್ಕಾಗಲ್ಲ.'
ಸತ್ಯ: ಮೂತ್ರಕೋಶದ ನರಗಳು ಹೊರಡುವುದು ಬೆನ್ನುಹುರಿಯ ಕೆಳತುದಿಯಿಂದ. ಪೆಟ್ಟು ಅದಕ್ಕಿಂತ ಮೇಲಿದ್ದರೆ ಅವು ಸಾಮಾನ್ಯವಾಗಿ ಜೀವಂತವಾಗಿರುತ್ತವೆ. ಮಿದುಳಿನ ಅಪ್ಪಣೆ ಮಾತ್ರ ತಲುಪುವುದಿಲ್ಲ. ಇದನ್ನೇ ನೆಚ್ಚಿ ಲಂಡನ್ನಿನ ಜೈಲ್ಸ್ ಬ್ರಿಂಡ್ಲಿ 1970ರ ದಶಕದಲ್ಲಿ ಆ ನರಗಳಿಗೆ ತಂತಿ ಜೋಡಿಸಿದರು. ಚರ್ಮದಡಿ ರಿಸೀವರ್ ಇರುತ್ತದೆ. ಹೊರಗಿನಿಂದ ಅದರ ಮೇಲೆ ಸಾಧನ ಹಿಡಿದು ಬಟನ್ ಒತ್ತಿದರೆ ಕರೆಂಟು ಬಿಟ್ಟು ಬಿಟ್ಟು ಹರಿಯುತ್ತದೆ. ಮೂತ್ರಕೋಶದ ಸ್ನಾಯು ನಿಧಾನದ್ದು, ಬಾಗಿಲು ಕಾಯುವ ಸ್ನಾಯು ಚುರುಕಿನದು. ಕರೆಂಟು ನಿಂತೊಡನೆ ಬಾಗಿಲು ಸಡಿಲವಾಗುತ್ತದೆ, ಕೋಶ ಇನ್ನೂ ಹಿಂಡುತ್ತಿರುತ್ತದೆ. ಆ ಸಂದಿನಲ್ಲಿ ಮೂತ್ರ ಹೊರಬರುತ್ತದೆ.

ನಂಬಿಕೆ: 'ಕರೆಂಟ್ ಕೊಟ್ರ ಎಲ್ಲ ಮೊದ್ಲಿನಂಗೇ ಆಯ್ತದ.'
ಸತ್ಯ: ಕರೆಂಟು ಬೆನ್ನುಹುರಿಯನ್ನು ಬೆಸೆಯುವುದಿಲ್ಲ. ಕೆಳತುದಿಯೇ ಜಜ್ಜಿದ್ದರೆ ಈ ಸಾಧನ ಕೆಲಸ ಮಾಡದು. ಅದನ್ನು ಕೂರಿಸುವಾಗ ಸಾಮಾನ್ಯವಾಗಿ ಸಂವೇದನೆಯ ನರಬೇರುಗಳನ್ನು ಕತ್ತರಿಸುತ್ತಾರೆ. ಗಂಡಸರಲ್ಲಿ ತಾನಾಗಿ ಆಗುವ ನಿಮಿರುವಿಕೆ ಅದರಿಂದ ಹೋಗುತ್ತದೆ. ಕಣಕಾಲಿನ ಬಳಿಯ ನರಕ್ಕೆ ವಾರಕ್ಕೊಮ್ಮೆ 30 ನಿಮಿಷದಂತೆ 12 ವಾರ ಕೊಡುವ ಕರೆಂಟು ಬೇರೆ: ಅದು ಪದೇ ಪದೇ ಹಿಂಡುವ ಕೋಶವನ್ನು ಶಾಂತಗೊಳಿಸಲು, ಖಾಲಿ ಮಾಡಲು ಅಲ್ಲ. ನೋವಿಗೆ ಬೆನ್ನಿನ ಮೇಲೆ ಅಂಟಿಸುವ ಪ್ಯಾಡ್‌ಗೂ ಇವೆರಡಕ್ಕೂ ಸಂಬಂಧವಿಲ್ಲ.

ನಂಬಿಕೆ: 'ಪೈಪ್ ಹಾಕಿ ಹಾಕಿ ತೆಗುದ್ರ ಕಿಡ್ನಿ ಹೋಯ್ತದ.'
ಸತ್ಯ: ಕಿಡ್ನಿ ಹೋಗುವುದು ತುಂಬಿದ ಕೋಶದ ಒತ್ತಡದಿಂದ, ಹಿಮ್ಮುಖವಾಗಿ ಹರಿಯುವ ಮೂತ್ರದಿಂದ. ಹೊತ್ತು ಹೊತ್ತಿಗೆ ತಾವೇ ಪೈಪು ಹಾಕಿ ಖಾಲಿ ಮಾಡಿ ತೆಗೆಯುವ ಕ್ರಮವನ್ನು ಅಮೆರಿಕದ ಜಾಕ್ ಲ್ಯಾಪಿಡಿಸ್ 1972ರಲ್ಲಿ ಮುಂದಿಟ್ಟರು. ಸೋಪಿನಿಂದ ಕೈ ತೊಳೆದು, 4ರಿಂದ 6 ಗಂಟೆಗೊಮ್ಮೆ, ಒಂದು ಸಲಕ್ಕೆ 500 ಮಿ.ಲೀ. ಮೀರದಂತೆ ತೆಗೆಯಬೇಕು. ಪೆಟ್ಟು ಎದೆಮಟ್ಟದಲ್ಲಿ ಅಥವಾ ಅದಕ್ಕೂ ಮೇಲಿದ್ದವರಿಗೆ ಕೋಶ ತುಂಬಿದರೆ ಬಿ.ಪಿ. ಏಕಾಏಕಿ ಏರಬಹುದು. ತಲೆ ಸಿಡಿದು ಮುಖ ಬೆವರಿದರೆ ಕೂಡಲೇ ಎಬ್ಬಿಸಿ ಕೂರಿಸಿ, ಮೂತ್ರ ತೆಗೆಯಿರಿ. ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ.

ನಂಬಿಕೆ: 'ನೀರು ಕಮ್ಮಿ ಕುಡುದ್ರ ತಾಪತ್ರಯ ಇರಲ್ಲ.'
ಸತ್ಯ: ಮೂತ್ರ ಗಟ್ಟಿಯಾದಷ್ಟೂ ಸೋಂಕು, ಕಲ್ಲು ಹತ್ತಿರ. ನೀರು ಬಿಡಬೇಡಿ, ಹೊತ್ತು ನೋಡಿ ಕುಡಿಯಿರಿ.

ಯಾರಿಗೆ ಯಾವುದು ಸರಿ ಎಂಬುದು ಮೂತ್ರಕೋಶದ ಒತ್ತಡ ಅಳೆದ ಮೇಲೆಯೇ ಗೊತ್ತಾಗುವುದು. ಬೆಂಗಳೂರಿನ ನಿಮ್ಹಾನ್ಸ್‌ನ ನರ ಪುನಶ್ಚೇತನ ವಿಭಾಗ ಇದನ್ನು ನೋಡುತ್ತದೆ. ಕರೆಂಟಿಗೆ ಕಾಯುತ್ತ ಕೂರಬೇಡಿ; ಕಿಡ್ನಿ ಅಷ್ಟು ದಿನ ಕಾಯುವುದಿಲ್ಲ.